ಹಸಿರು-ಹಳದಿ ತಂತಿ

ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದು ಬಚ್ಚಲಿನ ಗೀಸರ್ ಸ್ವಿಚ್ಚಿಗೆ ಕೈ ಹಾಕುವ ಮೊದಲು ಅಪ್ಪನಿಗೆ ಉತ್ತರ ಕೊಡಬೇಕಿತ್ತು. ಅವರು ಗಡ್ಡ ಹೆರೆದುಕೊಳ್ಳುತ್ತಿರಲಿ, ಕಾಫಿ ಕುಡಿಯುತ್ತಿರಲಿ, ಸ್ವಿಚ್ಚಿನ ಕಡೆ ನಡೆಯುವ ಹೆಜ್ಜೆಯ ಸದ್ದು ಅವರ ಕಿವಿಗೆ ತಪ್ಪುತ್ತಿರಲಿಲ್ಲ.

“ಕಾಲಿಗೆ ಚಪ್ಪಲಿ?”

“ಇದೆ ಅಪ್ಪಾ.”

“ಕೈ?”

“ಒಣಗಿದೆ.”

ಅಪ್ಪ ಮಸ್ಕತ್ತಿನ ಒಂದು ಗುತ್ತಿಗೆ ಕಂಪನಿಯಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದರು. ಅಲ್ ಅಜೈಬಾದ ಹಳೆಯ ವಿಲ್ಲಾ ಒಂದರ ಕೆಳಗಿನ ಅರ್ಧ ಭಾಗ ನಮ್ಮ ಮನೆ. ಪ್ರತಿ ಸ್ವಿಚ್ ಬೋರ್ಡಿನ ಕೆಳಗೂ ಒಂದು ಜೊತೆ ನೀಲಿ ರಬ್ಬರ್ ಚಪ್ಪಲಿ ಇರುತ್ತಿತ್ತು. ಹಾಲಿನಲ್ಲಿ ಮಾತ್ರ ಇರಲಿಲ್ಲ. ಅಲ್ಲಿ ಅಮ್ಮನ ದೇವರ ಗೂಡಿತ್ತು. ದೇವರಿರುವ ಕೋಣೆಗೆ ಚಪ್ಪಲಿ ತರಕೂಡದೆಂದು ಅಮ್ಮ ಹಟ ಹಿಡಿದಿದ್ದರು. ಅದಕ್ಕಾಗಿ ಇಬ್ಬರಿಗೂ ಎಷ್ಟೋ ಸಲ ಜಗಳವಾಗಿ, ಕೊನೆಗೆ ಅಪ್ಪ ಆ ಒಂದು ಕೋಣೆಯನ್ನು ಬಿಟ್ಟುಕೊಟ್ಟಿದ್ದರು. ಬೇರೆಲ್ಲೂ ಅವರು ಸೋತದ್ದನ್ನು ನಾನು ಕಂಡಿಲ್ಲ. ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಟೆಸ್ಟರ್ ಇರುತ್ತಿತ್ತು, ಮದುವೆಮನೆಗೆ ಹೋಗುವಾಗಲೂ. ಹೊಸ ಮಿಕ್ಸಿ ಬಂದರೆ ಮೊದಲು ಅದರ ಪ್ಲಗ್ ಬಿಚ್ಚಿ, ಒಳಗಿನ ಮೂರು ತಂತಿಗಳನ್ನು ನನಗೂ ಅಣ್ಣನಿಗೂ ತೋರಿಸುತ್ತಿದ್ದರು. ಕಂದು ಬಣ್ಣದ್ದು ಕರೆಂಟು ಬರುವ ದಾರಿ, ನೀಲಿ ಅದು ಹೋಗುವ ದಾರಿ, ಹಸಿರು-ಹಳದಿ ಪಟ್ಟೆಯದು ಅರ್ತ್, ಜೀವ ಉಳಿಸುವ ದಾರಿ. ಇಬ್ರಿಯ ಸೈಟಿನಲ್ಲಿ ಒಬ್ಬ ಕೆಲಸಗಾರ ಅರ್ತ್ ಜೋಡಿಸದೆ ಬೋರ್ಡ್ ಮುಚ್ಚಿದನೆಂದು ಅವನನ್ನು ಅವತ್ತೇ ಕೆಲಸದಿಂದ ತೆಗೆಸಿ ಬಂದಿದ್ದರು. ಆ ಕಥೆಯನ್ನು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಶುಕ್ರವಾರ, ಅಂದರೆ ರಜೆಯ ದಿನ, ತಿಂಗಳಿಗೊಮ್ಮೆ ನಮಗೆ ಕವಾಯತು. ಯಾರಿಗಾದರೂ ಕರೆಂಟು ಹೊಡೆದರೆ ಏನು ಮಾಡಬೇಕು? ಮುಟ್ಟಬಾರದು. ಸ್ವಿಚ್ ಆರಿಸಬೇಕು. ಆಗದಿದ್ದರೆ ಒಣ ಮರದಿಂದ ಹೊಡೆದು ಬಿಡಿಸಬೇಕು. ಉತ್ತರ ಹೇಳಿ ನಾವು ಅಪ್ಪನ ಮುಖ ನೋಡುತ್ತಿದ್ದೆವು. ಅವರು ತಲೆ ಆಡಿಸಿದರೆ ಉತ್ತರ ಸರಿ. ಆ ಮನೆಯಲ್ಲಿ ಎಲ್ಲದಕ್ಕೂ ಹಾಗೆಯೇ. ಸರಿಯೋ ತಪ್ಪೋ ನಮಗೆ ಗೊತ್ತಿದ್ದರೂ, ಅಪ್ಪನ ತಲೆ ಅಲ್ಲಾಡುವವರೆಗೆ ಅದು ಗೊತ್ತಿದ್ದಂತೆ ಆಗುತ್ತಿರಲಿಲ್ಲ.

ಅಂಥ ಮನೆಯ ಮಹಡಿಗೆ ಲೆನ್ ಬಂದ. ಅರವತ್ತು ದಾಟಿದ ಇಂಗ್ಲಿಷಿನವನು, ತೆಳ್ಳಗೆ, ನೆರೆತ ಕೂದಲನ್ನು ಹಿಂದಕ್ಕೆ ಕಟ್ಟಿಕೊಂಡವನು. ಹೋಟೆಲೊಂದರ ಬಾರಿನಲ್ಲಿ ವಾರಕ್ಕೆ ಐದು ದಿನ ಗಿಟಾರ್ ನುಡಿಸುತ್ತಿದ್ದ. ಅವನು ಮೆಟ್ಟಿಲ ಮೇಲೆ ಕೂತು ತಂತಿ ಬದಲಿಸುವುದನ್ನು ಕಂಡ ದಿನವೇ ಅಪ್ಪ ಅವನನ್ನು ಊಟಕ್ಕೆ ಕರೆದರು. ಅಪ್ಪನೂ ಒಂದು ಕಾಲದಲ್ಲಿ ಮೈಸೂರಿನ ಗಣೇಶನ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾದವರ ಜೊತೆ ಗಿಟಾರ್ ಹಿಡಿದು ನಿಂತವರು. ನಾವು ನೋಡಿದ್ದು ಒಂದು ಫೋಟೋದಲ್ಲಿ ಮಾತ್ರ, ಬೆಲ್ ಬಾಟಂ ತೊಟ್ಟು, ಹಾಡುವವರ ಹಿಂದೆ ಅರ್ಧ ಮುಖ. ತಾತ ಬೈದು ಡಿಪ್ಲೊಮಾಗೆ ಸೇರಿಸಿದ ಮೇಲೆ ಅದು ನಿಂತಿತು. ನಿಂತದ್ದು ಮತ್ತೆ ಹೊರಟಿತು, ಅಣ್ಣನ ಕೈಯಲ್ಲಿ. ಅಣ್ಣ ಕಿರಣನಿಗೆ ಹದಿನೈದು, ತಂಗಿ ನನಗೆ ಹನ್ನೆರಡು. ಅವನು ಚೆನ್ನಾಗಿ ನುಡಿಸುತ್ತಿದ್ದ, ಹಾಡುತ್ತಿದ್ದ. ಇದನ್ನು ಅಪ್ಪನ ಮೇಲಿನ ಸಿಟ್ಟಿನ ನಡುವೆಯೂ ಹೇಳಲೇಬೇಕು.

ಲೆನ್‌ನ ಕಥೆಗಳು ನಮ್ಮ ಶುಕ್ರವಾರದ ಊಟದ ಭಾಗವಾದವು. ಅಮ್ಮ ಬಿಸಿಬೇಳೆಬಾತು ಬಡಿಸುತ್ತಿದ್ದರು, ಅವನು ಬೆವರೊರೆಸಿಕೊಂಡು ತಿನ್ನುತ್ತ ಹೇಳುತ್ತಿದ್ದ. ಬಂದರಿನ ಊರೊಂದರಲ್ಲಿ ಹುಟ್ಟಿದವನು. ಹಡಗಿನವರು ತಂದ ಅಮೆರಿಕದ ಕರಿಯರ ಬ್ಲೂಸ್ ರೆಕಾರ್ಡುಗಳನ್ನು ಸೂಜಿ ಎತ್ತಿ ಇಟ್ಟು, ಎತ್ತಿ ಇಟ್ಟು ಕಲಿತವನು. ಐದು ಜನ ಹುಡುಗರು ಸೇರಿ ಒಂದು ತಂಡ ಕಟ್ಟಿದರು. ಹಿಮದಲ್ಲಿ ಕೈಕೊಡುವ ಒಂದು ವ್ಯಾನು, ಊರೂರಿನ ಕ್ಲಬ್ಬುಗಳು, ನೆಲಮಾಳಿಗೆಯ ಬಾರುಗಳು. ಎರಡು ವರ್ಷ ಜನ ಮುಗಿಬಿದ್ದು ಕೇಳಿದರು. ಆಮೇಲೆ ಹಾಡುಗಾರ ಒಬ್ಬನೇ ದೊಡ್ಡವನಾಗಲು ಹೊರಟ, ಉಳಿದವರು ಚದುರಿದರು. ಲೆನ್ ಸ್ಟುಡಿಯೋಗಳಿಗೆ ಕೂಲಿಗೆ ನುಡಿಸಲು ಹೋದ. ಸೆಷನ್ ಪ್ಲೇಯರ್. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ಮತ್ತೊಂದು ಕಡೆ. ಮುಂದೆ ಒಂದು ಹಾಳೆ ಇಡುತ್ತಾರೆ, ಅದರಲ್ಲಿ ಸ್ವರಗಳ ಗುರುತಿಗೆ ನಾಲ್ಕು ಅಕ್ಷರ. ಇವನು ನುಡಿಸುತ್ತಾನೆ, ಚಹಾ ಆರುವುದರೊಳಗೆ ಮುಗಿಯುತ್ತದೆ, ಎದ್ದು ಹೋಗುತ್ತಾನೆ. ಯಾರ ಹಾಡು ಎಂದು ಕೇಳುವ ಹಾಗಿಲ್ಲ. ತಿಂಗಳುಗಳ ಮೇಲೆ ಟ್ಯಾಕ್ಸಿಯ ರೇಡಿಯೋದಲ್ಲಿ ತನ್ನದೇ ಬೆರಳು ಕೇಳಿಸುತ್ತದೆ. ರೆಕಾರ್ಡಿನ ಹೊದಿಕೆಯ ಮೇಲೆ ಬೇರೆಯವರ ಫೋಟೋ, ಬೇರೆಯವರ ಹೆಸರು. ಒಂದು ಸಲ ಬೇಕರಿಯಲ್ಲಿ ತನ್ನ ಸೋಲೋ ಬರುತ್ತಿತ್ತಂತೆ. “ಇದು ನಾನೇ” ಎಂದು ಅಂಗಡಿಯ ಹುಡುಗಿಗೆ ಹೇಳಿದ. ಅವಳು ನಕ್ಕು, ಇನ್ನೇನು ಬೇಕು ಎಂದಳಂತೆ. ಮುಂದೆ ಯಂತ್ರಗಳೇ ಗಿಟಾರಿನ ಸದ್ದು ಮಾಡತೊಡಗಿದ ಮೇಲೆ ಕರೆ ಕಡಿಮೆಯಾಯಿತು. ಹಡಗುಗಳಲ್ಲಿ ನುಡಿಸಿದ, ಕೊನೆಗೆ ಗಲ್ಫಿನ ಹೋಟೆಲುಗಳು. ಅಪ್ಪ ಇದನ್ನೆಲ್ಲ ತುತ್ತು ಎತ್ತುವುದನ್ನೇ ಮರೆತು ಕೇಳುತ್ತಿದ್ದರು. ನಾನೂ ಕೇಳುತ್ತಿದ್ದೆ. ಅವನು ಒಳ್ಳೆಯ ಕಥೆಗಾರ. ಅದೂ ನನ್ನ ಸಿಟ್ಟಿಗೆ ಒಂದು ಕಾರಣ.

ಆ ಕಥೆಗಳಲ್ಲಿ ಒಂದನ್ನು ನಾನು ಈಗಲೂ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತೇನೆ. ಹಳೆಯ ಕ್ಲಬ್ಬುಗಳ ವೈರಿಂಗ್ ಕೆಟ್ಟದ್ದು, ಆಂಪ್ಲಿಫೈಯರ್ ಸದಾ ಗುಂಯ್‌ಗುಡುತ್ತಿತ್ತು. ಪ್ಲಗ್ಗಿನ ಅರ್ತ್ ತಂತಿ ಕಳಚಿಬಿಟ್ಟರೆ ಗುಂಯ್ ನಿಲ್ಲುತ್ತಿತ್ತು. ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಗುಂಯ್‌ಗುಡುವ ಆಂಪ್ಲಿಫೈಯರ್ ತರುವವನನ್ನು ಸ್ಟುಡಿಯೋದವರು ಎರಡನೇ ಸಲ ಕರೆಯುತ್ತಿರಲಿಲ್ಲವಂತೆ. ಒಂದು ದಿನ ಅವರ ಬೇಸ್ ಗಿಟಾರಿನವನು ಮೈಕಿಗೆ ಬಾಯಿ ತಾಗಿಸಿದ, ವೇದಿಕೆಯ ಈ ತುದಿಯಿಂದ ಆ ತುದಿಗೆ ಹಾರಿಬಿದ್ದ, ಎದ್ದು ಬಂದು ಸರಿಯಾದ ತಾಳಕ್ಕೇ ಹಾಡು ಹಿಡಿದ. ಲೆನ್ ಅದನ್ನು ಅಭಿನಯಿಸಿ ತೋರಿಸಿದ. ನಾವೆಲ್ಲ ನಕ್ಕೆವು. ಕೆಲಸಗಾರನೊಬ್ಬನ ಅನ್ನ ಕಿತ್ತುಕೊಂಡು ಬಂದಿದ್ದ ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಜುಲೈ ತಿಂಗಳ ಒಂದು ಶುಕ್ರವಾರ ಊಟವಾದ ಮೇಲೆ ನಮ್ಮ ಹಾಲು ಸ್ಟುಡಿಯೋ ಆಯಿತು. ಅಣ್ಣನ ಹಾಡು, ಗಿಟಾರ್ ಎರಡನ್ನೂ ರೆಕಾರ್ಡ್ ಮಾಡಿ ಲಂಡನ್ನಿನ ತನ್ನ ಹಳೆಯ ಗೆಳೆಯನೊಬ್ಬನಿಗೆ ಕಳಿಸುತ್ತೇನೆಂದು ಲೆನ್ ಹೇಳಿದ್ದ. ಅಪ್ಪ ವಾರವಿಡೀ ಅದನ್ನೇ ಮಾತಾಡಿದ್ದರು. ಲೆನ್ ತನ್ನ ಹಳೆಯ ವಾಲ್ವಿನ ಆಂಪ್ಲಿಫೈಯರನ್ನೂ ರೆಕಾರ್ಡರನ್ನೂ ಮೈಕನ್ನೂ ಇಳಿಸಿ ತಂದ. ಮೈಕಿನಲ್ಲಿ ಎ.ಸಿ.ಯ ಸದ್ದು ಬರುತ್ತದೆಂದು ಎ.ಸಿ. ಆರಿಸಿದರು, ಕಿಟಕಿ ಮುಚ್ಚಿದರು. ಎ.ಸಿ. ಸ್ವಿಚ್ಚಿನ ಹತ್ತಿರ ನಿಲ್ಲುವ ಕೆಲಸ ನನ್ನದು; ಒಂದು ಹಾಡು ಮುಗಿದೊಡನೆ ಹಾಕಬೇಕು, ಮುಂದಿನದು ಶುರುವಾಗುವಾಗ ಆರಿಸಬೇಕು. ಆಂಪ್ಲಿಫೈಯರಿನ ಸ್ವಿಚ್ಚೂ ಅದೇ ಬೋರ್ಡಿನಲ್ಲಿತ್ತು. ಅಣ್ಣ ಬರಿಗಾಲಿನಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತಿದ್ದ, ಅದು ದೇವರಿದ್ದ ಕೋಣೆಯಲ್ಲವೇ. ಹತ್ತು ನಿಮಿಷದಲ್ಲಿ ಅವನ ಟೀ ಶರ್ಟು ಬೆನ್ನಿಗಂಟಿತು. ಗುಂಯ್ ಸದ್ದು ಇತ್ತು. ಲೆನ್ ತಲೆ ಅಡ್ಡ ಆಡಿಸಿ, ಪ್ಲಗ್ ತೋರಿಸಿ, ಕತ್ತರಿಯಂತೆ ಎರಡು ಬೆರಳು ಕೂಡಿಸಿ ಸನ್ನೆ ಮಾಡಿದ. ಅಪ್ಪ ಒಂದು ಗಳಿಗೆ ನಿಂತರು. ಆ ಗಳಿಗೆಯನ್ನು ನಾನು ನೋಡಿದೆ. ಆಮೇಲೆ ಮಂಡಿಯೂರಿ ಕೂತು, ತಮ್ಮದೇ ಸ್ಕ್ರೂಡ್ರೈವರಿನಲ್ಲಿ ಪ್ಲಗ್ ಬಿಚ್ಚಿ, ಹಸಿರು-ಹಳದಿ ತಂತಿಯನ್ನು ಕಳಚಿ, ಮಡಚಿ ಒಳಗಿಟ್ಟು, ಮುಚ್ಚಿದರು. ಗುಂಯ್ ನಿಂತಿತು. ಲೆನ್ ಹೆಬ್ಬೆರಳು ಎತ್ತಿದ. ಅಪ್ಪ ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಹಾಗೆ ನಕ್ಕರು.

ಮೊದಲ ಹಾಡು ಮುಗಿದಾಗ ಅಣ್ಣ ಎಡಗೈ ಒದರಿದ.

“ಅಪ್ಪಾ, ಸ್ಟ್ರಿಂಗ್ಸ್ ಚುಳ್ ಅಂತಿದೆ.”

“ಬೆವರು ಕಣೋ. ಒರೆಸ್ಕೋ.”

“ಬೆವರಲ್ಲ. ಇಟ್ಸ್ ಲೈಕ್... ಇರುವೆ ಕಚ್ಚಿದ ಹಾಗೆ.”

ಲೆನ್‌ಗೆ ಅಪ್ಪ ಇಂಗ್ಲಿಷಿನಲ್ಲಿ ಹೇಳಿದರು. ಗಿಟಾರಿಗೆ ಜೀವ ಬಂದಿದೆ ಎಂದರ್ಥ, ಎಂದು ಲೆನ್ ಜೋಕು ಮಾಡಿದ. ಅಪ್ಪನ ಜೇಬಿನಲ್ಲಿ ಟೆಸ್ಟರ್ ಇತ್ತು. ನಾನು ಮುಂದೆ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ. ಆ ಟೆಸ್ಟರನ್ನು ತಂತಿಗೆ ತಾಗಿಸಿದ್ದರೆ ಸಾಕಿತ್ತು, ಅದರ ಪುಟ್ಟ ದೀಪ ಹತ್ತುತ್ತಿತ್ತು ಎಂದು ಇವತ್ತು ಗೊತ್ತು. ಹನ್ನೆರಡನೇ ವಯಸ್ಸಿನಲ್ಲೂ ಗೊತ್ತಿತ್ತು. ನಾನು ಆ ಜೇಬನ್ನೇ ನೋಡುತ್ತಿದ್ದೆ. ಅಪ್ಪನಿಗಂತೂ ಗೊತ್ತಿತ್ತು. ಇರುವೆ ಕಚ್ಚಿದ ಹಾಗೆ ಎಂದು ಯಾವುದೋ ಸೈಟಿನಲ್ಲಿ ಒಬ್ಬ ಕೂಲಿ ಹೇಳಿದ್ದರೆ ಅವರು ಇಡೀ ಕಟ್ಟಡದ ಮೇನ್ ಆರಿಸುತ್ತಿದ್ದರು. ಆದರೆ ಇಲ್ಲಿ ಟೆಸ್ಟರ್ ತೆಗೆದರೆ ಲಂಡನ್ನಿನ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ನುಡಿಸಿದವನನ್ನು ನಂಬಲಿಲ್ಲವೆಂದಾಗುತ್ತಿತ್ತು. ಬೆಳ್ಳಗಿನ ಕೈಯೊಂದು ಹೆಬ್ಬೆರಳು ಎತ್ತಿದ್ದಕ್ಕೆ ಅಪ್ಪ ತಮ್ಮ ಇಪ್ಪತ್ತು ವರ್ಷದ ವಿದ್ಯೆಯನ್ನು ಜೇಬಿನಲ್ಲಿಯೇ ಬಿಟ್ಟರು.

ಎರಡನೇ ಹಾಡಿಗೆ ಲೆನ್ ಅಣ್ಣನ ದನಿ ದೂರ ಕೇಳಿಸುತ್ತಿದೆ ಎಂದ. ಹತ್ತಿರ, ಇನ್ನೂ ಹತ್ತಿರ, ತುಟಿ ಮೈಕಿಗೆ ತಾಗಲಿ ಎಂದು ಕೈ ಮಾಡಿದ. ರೆಕಾರ್ಡರಿಗೆ ಸರಿಯಾದ ಅರ್ತ್ ಇತ್ತು, ಹಾಗಾಗಿ ಮೈಕಿಗೂ ಇತ್ತು. ಗಿಟಾರಿನ ತಂತಿಯಲ್ಲಿ ಹಳೆಯ ಆಂಪ್ಲಿಫೈಯರಿನಿಂದ ಸೋರಿದ ಕರೆಂಟು, ಮೈಕಿನಲ್ಲಿ ಭೂಮಿ, ನಡುವೆ ನನ್ನ ಅಣ್ಣ. ತುಟಿ ತಾಗಿತು. ಅವನು ಹಾರಿ ಬೀಳಲಿಲ್ಲ. ಲೆನ್‌ನ ಕಥೆಯಲ್ಲಿ ಹಾರುತ್ತಾರೆ. ಅಣ್ಣ ನಿಂತಲ್ಲೇ ಸೆಟೆದ. ಎಡಗೈ ಗಿಟಾರಿನ ಕೊರಳನ್ನು ಹಿಡಿದದ್ದು ಬಿಡಲಿಲ್ಲ, ಬಾಯಿಂದ ಹಾಡಿನ ಒಂದು ಸ್ವರ ಹೊರಟದ್ದು ಹಾಗೆಯೇ ಉದ್ದವಾಗಿ, ಹಾಡಲ್ಲದ ಏನೋ ಆಯಿತು. ನನ್ನ ಕೈ ಸ್ವಿಚ್ ಬೋರ್ಡಿನ ಮೇಲಿತ್ತು. ಯಾವ ಸ್ವಿಚ್ ಎಂದು ಗೊತ್ತಿತ್ತು. ನಾನು ಅಪ್ಪನ ಮುಖ ನೋಡಿದೆ. ಅವರು ತಲೆ ಆಡಿಸಲಿ ಎಂದು ಕಾದೆ. ಅವರ ಮುಖದಲ್ಲಿ ಏನೂ ಇರಲಿಲ್ಲ, ಬಾಯಿ ಸ್ವಲ್ಪ ತೆರೆದಿತ್ತು, ಅಷ್ಟೇ. ಎಷ್ಟು ಹೊತ್ತು ಕಾದೆನೋ ಗೊತ್ತಿಲ್ಲ. ಬಹುಶಃ ಎರಡು ಉಸಿರು. ಎಷ್ಟೋ ವರ್ಷಗಳಾದರೂ ನಾನು ಆ ಎರಡು ಉಸಿರಿನಿಂದ ಹೊರಗೆ ಬಂದಿಲ್ಲ. ಮೀಟಿಂಗಿನಲ್ಲಿ ಯಾರಾದರೂ ನನ್ನ ಮಾತಿಗೆ ತಲೆ ಆಡಿಸಿದರೆ ಇಂದಿಗೂ ನನಗೆ ಮೈ ಉರಿಯುತ್ತದೆ.

ಅಡುಗೆಮನೆಯಿಂದ ಅಮ್ಮ ಬಂದರು. ಯಾರ ಮುಖವನ್ನೂ ನೋಡಲಿಲ್ಲ. ದೇವರ ಮುಂದಿನ ಮರದ ಮಣೆಯನ್ನು ಎರಡೂ ಕೈಯಲ್ಲಿ ಎತ್ತಿ ಮೈಕಿನ ಕಂಬಕ್ಕೆ ಬಾರಿಸಿದರು. ಮೈಕು ಕಿತ್ತು ಬಿತ್ತು, ಅಣ್ಣನೂ ಬಿದ್ದ. ಆಗ ನನ್ನ ಬೆರಳು ಸ್ವಿಚ್ ಆರಿಸಿತು. ಅಮ್ಮ ಹೊರಗೋಡಿ ಪಕ್ಕದ ಮನೆಯ ಬಾಗಿಲು ಬಡಿದರು. ಅಲ್ಲಿದ್ದದ್ದು ಫ್ಲೇವಿ ಆಂಟಿ, ಉಡುಪಿ ಕಡೆಯವರು, ಆಸ್ಪತ್ರೆಯಲ್ಲಿ ನರ್ಸ್. ನೈಟಿಯ ಮೇಲೆ ಟವೆಲು ಹೊದ್ದು ಬಂದವರು ಅಣ್ಣನ ಕತ್ತಿಗೆ ಬೆರಳಿಟ್ಟು ನೋಡಿ, ಅಲ್ಲೇ ಮಂಡಿಯೂರಿ ಎದೆ ಒತ್ತತೊಡಗಿದರು.

“ಎಂತ ಮಾಡಿದ್ದು ನೀವು ಈ ಮಗುಗೆ? ಸಾರ್, ನಿಮಗೇ ಹೇಳುವುದು! ಗೊಂಬೆ ಹಾಗೆ ನಿಲ್ಬೇಡಿ ಮಾರಾಯ್ರೆ, ಕಾರು ತೆಗೀರಿ!”

ಅಪ್ಪ ಕೀಲಿಗಾಗಿ ಜೇಬು ತಡಕಾಡಿದರು. ಫ್ಲೇವಿ ಆಂಟಿ ಎಣಿಸುತ್ತ ಒತ್ತುತ್ತಿದ್ದರು, ಅಣ್ಣನ ಬಾಯಿಗೆ ಬಾಯಿಟ್ಟು ಊದುತ್ತಿದ್ದರು, ನಡುನಡುವೆ ಕೊಂಕಣಿಯಲ್ಲಿ ಯಾರನ್ನೋ ಬೈಯುತ್ತಿದ್ದರು, ದೇವರನ್ನೋ ಅಪ್ಪನನ್ನೋ. ಒಂದು ಗಳಿಗೆ ನಿಲ್ಲಿಸಿ ಕಿವಿಗೊಟ್ಟರು. ಅಣ್ಣ ಕೆಮ್ಮಿದ. ಆಂಟಿ ಹಾಗೇ ಹಿಂದಕ್ಕೆ ಕೂತುಬಿಟ್ಟರು. ಅವನನ್ನು ಹೊತ್ತು ಕಾರಿಗೆ ಹಾಕಿಕೊಂಡು ಮೂವರೂ ಹೋದರು. ಕಾರಿನಲ್ಲಿ ಜಾಗವಿಲ್ಲವೆಂದು ನನ್ನನ್ನು ಬಿಟ್ಟು ಹೋದರು.

ಮನೆಯಲ್ಲಿ ನಾನು ಮತ್ತು ಲೆನ್ ಮಾತ್ರ ಉಳಿದೆವು. ಅವನು ಗೋಡೆಗೊರಗಿ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ ಟೀಪಾಯಿಯ ಮೇಲಿದ್ದ ಅಪ್ಪನ ಸ್ಕ್ರೂಡ್ರೈವರ್ ತೆಗೆದುಕೊಂಡ. ಪ್ಲಗ್ ಬಿಚ್ಚಿದ. ಮಡಚಿಟ್ಟಿದ್ದ ಹಸಿರು-ಹಳದಿ ತಂತಿಯನ್ನು ನೇರ ಮಾಡಿ, ಅದರ ಜಾಗಕ್ಕೆ ಸೇರಿಸಿ, ಬಿಗಿ ಮಾಡಿ, ಮುಚ್ಚಿದ. ಕೆಲಸ ಮುಗಿಸಿ, ಹೆಸರು ಕೇಳುವ ಮೊದಲು ಎದ್ದು ಹೋಗುವುದನ್ನು ಅವನು ಜೀವನವಿಡೀ ಮಾಡಿದ್ದ, ಇದನ್ನೂ ಅಷ್ಟೇ ಅಚ್ಚುಕಟ್ಟಾಗಿ ಮಾಡಿದ. ನನ್ನ ಕಡೆ ತಿರುಗಿ “ಗುಡ್ ಗರ್ಲ್” ಎಂದ. ತನ್ನ ಸಾಮಾನನ್ನು ಎರಡು ಸಲಕ್ಕೆ ಮೇಲೆ ಒಯ್ದ. ಮೂರು ವಾರಕ್ಕೆ ಇನ್ನೊಂದು ಊರಿನ ಹೋಟೆಲಿನಲ್ಲಿ ಕಫೀಲ್, ಅಂದರೆ ವೀಸಾಕ್ಕೆ ಹೊಣೆಯಾಗುವ ಯಜಮಾನ, ಸಿಕ್ಕಿ ಹೊರಟುಹೋದ. ನಮ್ಮ ಮನೆಗೆ ಬಂದು ಹೋಗುತ್ತೇನೆ ಎನ್ನಲಿಲ್ಲ. ಅಣ್ಣನನ್ನು ಒಮ್ಮೆಯೂ ನೋಡಲಿಲ್ಲ.

ಅಣ್ಣ ಉಳಿದ. ಕೆಳತುಟಿಯಲ್ಲಿ ಒಂದು ಸುಟ್ಟ ಗಾಯ, ಎಡಗೈ ಬೆರಳುಗಳ ಮೇಲೆ ತಂತಿಯ ಅಗಲದ ಕಪ್ಪು ಗೆರೆಗಳು. ಆ ಮಧ್ಯಾಹ್ನ ಮಾತ್ರ ಅವನ ತಲೆಯಿಂದ ಅಳಿಸಿಹೋಗಿತ್ತು. ಬಿಸಿಬೇಳೆಬಾತು ತಿಂದದ್ದು ನೆನಪಿತ್ತು, ಆಮೇಲೆ ಆಸ್ಪತ್ರೆಯ ಬಿಳಿ ಸೂರು. ಮರುದಿನ ಡಾಕ್ಟರು ಹೇಗಾಯಿತೆಂದು ಮತ್ತೆ ಕೇಳಿದಾಗ ನಾನೂ ಅಲ್ಲಿದ್ದೆ. ಅಪ್ಪ ಹಿಂದಿಯಲ್ಲಿ, ಸೈಟಿನ ವರದಿ ಓದುವ ದನಿಯಲ್ಲಿ ಹೇಳಿದರು. ಹುಡುಗ ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಿದ. ಎಷ್ಟು ಹೇಳಿದರೂ ಕೇಳುವುದಿಲ್ಲ. ಡಾಕ್ಟರು ಬರೆದುಕೊಂಡರು. ಅಣ್ಣ ಹಾಸಿಗೆಯ ಮೇಲಿಂದ ಅಪ್ಪನನ್ನು ನೋಡಿ “ಸಾರಿ ಅಪ್ಪಾ” ಎಂದ. ಅಪ್ಪ ಅವನ ತಲೆ ಸವರಿದರು.

ಕೆಲಸ ಹೋಗುವ ಭಯವಿತ್ತು ಎಂದು ಅಮ್ಮ ಆಮೇಲೆ ನನಗೆ ಹೇಳಿದರು. ಎಲೆಕ್ಟ್ರಿಕಲ್ ಸೂಪರ್‌ವೈಸರೇ ಅರ್ತ್ ತೆಗೆದನೆಂದು ಕಂಪನಿಗೆ ಗೊತ್ತಾದರೆ ಖಲಾಸ್, ವೀಸಾ ರದ್ದು, ಎಲ್ಲರೂ ಊರಿಗೆ. ಇರಬಹುದು. ಆ ಭಯವನ್ನು ನಾನು ಒಪ್ಪುತ್ತೇನೆ. ಆದರೆ ಸುಳ್ಳು ಡಾಕ್ಟರ ಕಾಗದದಲ್ಲಿ ನಿಲ್ಲಲಿಲ್ಲ. ನೋಡಲು ಬಂದವರಿಗೆಲ್ಲ ಅಪ್ಪ ಅದನ್ನೇ ಹೇಳಿದರು, ಪ್ರತಿ ಸಲವೂ ಇನ್ನಷ್ಟು ವಿವರವಾಗಿ. ಹುಡುಗ ಆಗತಾನೇ ಮುಖ ತೊಳೆದು ಬಂದಿದ್ದನಂತೆ, ಕೈ ಒರೆಸಿಕೋ ಎಂದು ತಾವು ಎರಡು ಸಲ ಕೂಗಿದ್ದರಂತೆ. ಅಣ್ಣ ಪಕ್ಕದಲ್ಲಿ ಕೂತು ತಲೆ ತಗ್ಗಿಸಿ ಕೇಳಿ ಕೇಳಿ, ಅದನ್ನೇ ನೆನಪು ಎಂದುಕೊಂಡ. ಸ್ವಿಚ್ಚಿನ ಹತ್ತಿರ ಹೋಗುವುದನ್ನೇ ಬಿಟ್ಟ. ದೀಪ ಹಾಕಬೇಕಾದರೆ ನನ್ನನ್ನು ಕರೆಯುತ್ತಿದ್ದ. ನಾನೇ ಹೇಳಬಹುದಿತ್ತು. ಹೇಳಲಿಲ್ಲ, ಯಾಕೆಂದರೆ ಅಪ್ಪ ಇನ್ನೂ ತಲೆ ಆಡಿಸಿರಲಿಲ್ಲ.

ಸೆಪ್ಟೆಂಬರಿನಲ್ಲಿ ಕನ್ನಡದವರೆಲ್ಲ ಸೇರಿ ಗಣೇಶನ ಕಾರ್ಯಕ್ರಮ ಇಟ್ಟುಕೊಂಡಿದ್ದರು, ಅಲ್ ಮವಾಲೇಹ್ ಕಡೆಯ ಒಂದು ಹಾಲಿನಲ್ಲಿ. ಮಕ್ಕಳಿಗೆ ಕರೆಂಟಿನ ಎಚ್ಚರಿಕೆಯ ಬಗ್ಗೆ ನಾಲ್ಕು ಮಾತು ಹೇಳಲು ಅಪ್ಪನನ್ನು ಕೇಳಿದ್ದರು. ಅಪ್ಪ ಒಪ್ಪಿಕೊಂಡರು. ಒಪ್ಪಿಕೊಂಡದ್ದಷ್ಟೇ ಅಲ್ಲ, ಮಾತಿನ ನಡುವೆ ಅಣ್ಣನನ್ನು ವೇದಿಕೆಗೆ ಕರೆದರು.

“ಬಾ ಕಿರಣ. ಕೈ ತೋರ್ಸು. ನೋಡಿ ಮಕ್ಕಳೇ, ಅಪ್ಪ ಅಮ್ಮನ ಮಾತು ಕೇಳ್ದಿದ್ರೆ ಹೀಗಾಗುತ್ತೆ. ಏನ್ ತಪ್ಪು ಮಾಡ್ದೆ ಹೇಳಪ್ಪ ಎಲ್ರಿಗೂ.”

ಅಣ್ಣನ ಮುಂದೆ ಮೈಕ್ ಹಿಡಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಯಾಕೆ ಸರಿದನೆಂದು ಅವನಿಗೇ ತಿಳಿಯಲಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ತಲೆಗೆ ನೆನಪಿಲ್ಲದ್ದು ತುಟಿಗೆ ನೆನಪಿತ್ತು. ಜನ ನಕ್ಕರು. ನಾಚಿಕೆ ಎಂದುಕೊಂಡರು. ಅಪ್ಪ ಮೈಕನ್ನು ಇನ್ನೂ ಹತ್ತಿರ ತಂದರು.

“ಒದ್ದೆ ಕೈಲಿ... ಪ್ಲಗ್ ಮುಟ್ದೆ.”

ನಾನು ಎದ್ದು ನಿಂತೆ. ಮೂರನೇ ಸಾಲಿನಲ್ಲಿದ್ದೆ, ಹೊಸ ಲಂಗದಲ್ಲಿ.

“ಅವ್ನು ಮುಟ್ಲಿಲ್ಲ! ಅರ್ತ್ ತೆಗ್ದಿದ್ದು ಅಪ್ಪ!”

ಅಪ್ಪ ಸಭೆಯ ಕಡೆ ನೋಡಿ ನಕ್ಕರು.

“ಅಣ್ಣನ ಮೇಲೆ ಪ್ರಾಣ ಇವ್ಳಿಗೆ. ಬಿಟ್ಕೊಡಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು ಕೆನ್ನೆ ಹಿಂಡಿ, ಎಂಥ ಜಾಣೆ ಎಂದರು. ಆಮೇಲೆ ಎಲೆ ಹಾಕಿದರು. ನಾನು ಪಾಯಸ ಮುಟ್ಟಲಿಲ್ಲ.

ವಾಪಸು ಬರುವಾಗ ನಾನೂ ಅಣ್ಣನೂ ಕಾರಿನ ಹಿಂದಿನ ಸೀಟಿನಲ್ಲಿದ್ದೆವು. ತರಕಾರಿ ಮಾರುಕಟ್ಟೆ ದಾಟಿದ ಮೇಲೆ ಅಣ್ಣ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

“ವೈ ಡಿಡ್ ಯು ಲೈ? ಎಲ್ರ ಮುಂದೆ ಅಪ್ಪನ ಬಗ್ಗೆ ಯಾಕೇ ಸುಳ್ಳು ಹೇಳ್ದೆ?”

ಮುಂದಿನ ಸೀಟಿನಲ್ಲಿದ್ದ ಅಮ್ಮ ತಿರುಗದೆ ಮಾತಾಡಿದರು. ಅಷ್ಟು ತಣ್ಣಗಿನ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

“ರೀ, ಗಾಡಿ ನಿಲ್ಸಿ.”

“ಇಲ್ಲೆಲ್ಲಿ ನಿಲ್ಸೋದು? ಹೈವೇ ಇದು.”

“ನಿಲ್ಸಿ ಅಂದೆ. ನೀವ್ ಹೇಳ್ತೀರೋ, ನಾನ್ ಹೇಳ್ಲೋ?”

ಅಪ್ಪ ಕಾರನ್ನು ಪಕ್ಕಕ್ಕೆ ತೆಗೆದರು. ಲಾರಿಗಳು ಹಾದುಹೋದಾಗಲೆಲ್ಲ ಕಾರು ಅಲುಗುತ್ತಿತ್ತು. ಸ್ಟಿಯರಿಂಗ್ ಹಿಡಿದುಕೊಂಡೇ, ಮುಂದಿನ ಗಾಜನ್ನು ನೋಡುತ್ತ, ಹೇಳಿದರು. ಲೆನ್ ಹೇಳಿದ್ದು, ತಾವು ಕಳಚಿದ್ದು, ಸ್ಟ್ರಿಂಗ್ಸ್ ಚುಳ್ ಎನ್ನುತ್ತಿದೆ ಎಂದಾಗ ಬೆವರು ಎಂದದ್ದು. ಎಲ್ಲ ಸೇರಿ ನಾಲ್ಕು ವಾಕ್ಯ. ಅಣ್ಣ ಸೀಟಿನ ತುದಿಗೆ ಬಂದು, ಎರಡು ಸೀಟುಗಳ ನಡುವೆ ಮುಖ ಇಟ್ಟು ಕೇಳಿಸಿಕೊಂಡ.

“ಹಂಗಾದ್ರೆ ನನ್ ತಪ್ಪಲ್ವಾ?”

ಅಪ್ಪ ಮುಂದಿನ ಗಾಜನ್ನೇ ನೋಡುತ್ತಿದ್ದರು.

“ಅಪ್ಪಾ. ನಾನೇನೂ ತಪ್ಪು ಮಾಡ್ಲಿಲ್ವಾ?”

ಅವನ ದನಿ ಒಡೆದಿತ್ತು. ಬೇಡುವವನ ಹಾಗೆ ಕೇಳುತ್ತಿದ್ದ. ಅಪ್ಪ ಹೇಳಬೇಕಾಗಿದ್ದದ್ದು ಒಂದೇ ಒಂದು ಮಾತು, “ಇಲ್ಲ ಕಣೋ” ಅಷ್ಟೇ. ಅವರು ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಲಾರಿಯೊಂದು ಹೋಗುವವರೆಗೆ ಕಾದರು, ಕಾರನ್ನು ಎಚ್ಚರಿಕೆಯಿಂದ ರಸ್ತೆಗೆ ತಂದರು. ಅಣ್ಣ ಮುಖವನ್ನು ಅಲ್ಲಿಂದ ತೆಗೆಯಲಿಲ್ಲ. ಅಜೈಬಾದ ತಿರುವು ಬರುವವರೆಗೂ ಅಪ್ಪನ ಭುಜದ ಹತ್ತಿರ ಹಾಗೆಯೇ ಕಾಯುತ್ತಿದ್ದ. ನಾನು ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ಎಳೆದೆ.

“ನಿನ್ ತಪ್ಪಿಲ್ಲ ಕಣೋ. ನಾನ್ ನೋಡಿದೀನಿ. ಇಲ್ಲಿ ನೋಡು, ನನ್ನ ನೋಡು.”

ಅವನು ತಿರುಗಲಿಲ್ಲ.